ದಕ್ಷಿಣಕ್ಕೆ ಮುಖ ಮಾಡಿದ ಬಾಚಣಿಗೆ

ಶಾಂತಮಲ್ಲಪ್ಪನ ಮನೆಯ ತಾರಸಿ ಮೇಲೆ ಆಂಟೆನಾ ನಿಂತ ಸಂಜೆ, ಬಂಡೀಪುರದ ಹದಿನೇಳು ಆನೆಗಳು ಕಾಡಿನಂಚಿಗೆ ಬಂದು, ಸಾಲಾಗಿ ನಿಂತು, ಕಿವಿ ಅಗಲಿಸಿ ಹೊಟ್ಟೆ ತುಂಬ ಸಿಗ್ನಲ್ ಕುಡಿದು ಹಿಂದಿರುಗಿದವು. ಕಟ್ಟಕಡೆಯ ಮರಿಯಾನೆಗೆ ಸಾಲದೆ ಬಂದು, ಶಾಂತಮಲ್ಲಪ್ಪನೇ ತನ್ನ ಮೊಬೈಲಿನಿಂದ ಒಂದಿಷ್ಟು ಬಗ್ಗಿಸಿ ಕೊಡಬೇಕಾಯಿತು. ಇದು ಶುಕ್ರವಾರ ಬೆಳಿಗ್ಗೆ ಅವನು ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಗೋಪಾಲಸ್ವಾಮಿ ಬೆಟ್ಟದ ಕಡೆ ಕೈಮುಗಿದು ಹೇಳಿದ ಮಾತು.

ಪಕ್ಕದಲ್ಲಿದ್ದ ಚಿಕ್ಕಯ್ಯ, ಹಾಗಾದರೆ ಮನೆಗೂ ಕಾಡಿಗೂ ನಡುವಿನ ಚೆಂಡುಹೂವಿನ ಹೊಲದಲ್ಲಿ ಒಂದಾದರೂ ಹೆಜ್ಜೆ ಗುರುತು ಇರಬೇಕಿತ್ತಲ್ಲ ಎಂದ. ಹೂವು ಮುರಿಯಬಾರದೆಂದು ಆನೆಗಳು ತುದಿಗಾಲಲ್ಲಿ ಬಂದಿದ್ದವೆಂದು ಶಾಂತಮಲ್ಲಪ್ಪ ವಿವರಿಸಿದ.

"ಬುಡಣ್ಣೋ, ನಿನ್ ಆನೆಗೊಳೂ ನಿನ್ನಷ್ಟೇ ಸತ್ಯವಂತ್ರು" ಎಂದು ಚಿಕ್ಕಯ್ಯ ಲೋಟ ಕೆಳಗಿಟ್ಟ.

ಆಂಟೆನಾ ಬಂದದ್ದು ಸೊಸೆ ನಾಗಲಕ್ಷ್ಮಿಗಾಗಿ. ಚಂದಕವಾಡಿಯ ಹುಡುಗಿ, ಗಣಿತದಲ್ಲಿ ಎಂ.ಎಸ್ಸಿ. ಮನೆಯಲ್ಲೇ ಕೂತು ಇಂಟರ್‌ನೆಟ್ಟಿನಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಮೊದಲು ಒಂದು ಪಾಠ ಮಾಡಿ ತೋರಿಸಿ ಎಂದು ಕಂಪನಿಯವರು ಹೇಳಿದ್ದರು. ಎರಡು ಸಲ ಮಾಡಿದಳು. ಎರಡು ಸಲವೂ ತ್ರಿಕೋನ ಬರೆದು ಮುಗಿಯುವಷ್ಟರಲ್ಲಿ ಚಿತ್ರ ನಿಂತುಹೋಗಿ, ಬಾಯಿ ತೆರೆದ ನಾಗಲಕ್ಷ್ಮಿ ಮಾತ್ರ ಅವರ ಪರದೆಯಲ್ಲಿ ಉಳಿದಳು. ಮೂರನೆಯದು ಈ ಶುಕ್ರವಾರ ನಾಲ್ಕು ಗಂಟೆಗೆ. ಅದೇ ಕೊನೆಯದು.

ಊರಿರುವುದು ತಗ್ಗಿನಲ್ಲಿ. ಸಿಗ್ನಲ್ ಎಂಬುದು ಕೊಕ್ಕರೆಯ ಹಿಂಡಿನಂತೆ ತಲೆಯ ಮೇಲೆ ಹಾದು ಹೋಗುತ್ತದೆಯೇ ಹೊರತು ಕೆಳಗಿಳಿಯುವುದಿಲ್ಲ. ಹಾಗಾಗಿ ಗುರುವಾರ ಗುಂಡ್ಲುಪೇಟೆಯಿಂದ ಮೆಕ್ಯಾನಿಕ್ ಸುಧಾಕರ್ ಬಂದು, ಕಬ್ಬಿಣದ ಕಂಬ ನಿಲ್ಲಿಸಿ, ತುದಿಗೆ ಆಂಟೆನಾ ಬಿಗಿದ. ನೋಡಲು ಮೀನಿನ ಮುಳ್ಳಿನ ಹಾಗಿದೆ ಎಂದು ಅವನು ಬಾಯಿ ತಪ್ಪಿ ಅಂದಾಗ ಶಾಂತಮಲ್ಲಪ್ಪನಿಗೆ ಸರಿಬರಲಿಲ್ಲ. ಲಿಂಗ ಕಟ್ಟಿದವರ ಮನೆಯ ಮೇಲೆ ಮೀನಿನ ಮುಳ್ಳೇ? ಅಲ್ಲಿಂದಾಚೆಗೆ ಅದು ಬಾಚಣಿಗೆಯಾಯಿತು, ಗಾಳಿಯ ತಲೆ ಬಾಚಿ ಸಿಗ್ನಲ್ ಎಂಬ ಹೇನು ಹಿಡಿಯುವ ಬಾಚಣಿಗೆ.

ಸುಧಾಕರ್ ಅದನ್ನು ಅಷ್ಟಷ್ಟೇ ತಿರುಗಿಸುತ್ತ, ಎರಡು ಗುಡ್ಡಗಳ ನಡುವಿನ ಸಂದಿಗೆ ಗುರಿಯಿಟ್ಟ. ಅದರಾಚೆ ಟವರ್ ಇತ್ತು. ಕೆಳಗೆ ನಾಗಲಕ್ಷ್ಮಿಯ ಮುಖ ಅರಳಿತು. ಒಂದು ಗೇಣು ಅಲುಗಿದರೂ ಎಲ್ಲ ಹೋಯಿತೆಂದೇ ತಿಳಿಯಿರಿ ಎಂದು ಹೇಳಿ ಅವನು ಬೈಕ್ ಹತ್ತಿದ.

ಆ ಸಂದಿ ಇದ್ದದ್ದು ದಕ್ಷಿಣಕ್ಕೆ. ಶಾಂತಮಲ್ಲಪ್ಪ ಹುಟ್ಟಿದಾಗಿನಿಂದ ಆ ದಿಕ್ಕಿಗೆ ಮುಖ ಮಾಡಿ ದೀಪ ಇಟ್ಟವನಲ್ಲ, ಉಣ್ಣಲು ಕೂತವನಲ್ಲ. ಯಮನ ದಿಕ್ಕು. ಸಂಜೆ ಒಬ್ಬನೇ ತಾರಸಿ ಹತ್ತಿ ಕಾಯಿ ಒಡೆದ. ಕಂಬಕ್ಕೆ ವಿಭೂತಿ ಹಚ್ಚಿ, ಚೆಂಡುಹೂವಿನ ಹಾರ ಹಾಕಿದ. ಆಮೇಲೆ ಸ್ಪ್ಯಾನರಿಗೂ ಮೂರು ಬೆರಳಿನ ವಿಭೂತಿ ಎಳೆದು, ನಟ್ಟು ಸಡಿಲಿಸಿ, ಬಾಚಣಿಗೆಯನ್ನು ಪೂರ್ವಕ್ಕೆ ತಿರುಗಿಸಿಬಿಟ್ಟ. ಬೆಳಕೇ ಆ ಕಡೆಯಿಂದ ಬರುವಾಗ ಸಿಗ್ನಲ್ ಬರದೆ ಎಲ್ಲಿಗೆ ಹೋದೀತು?

ಶುಕ್ರವಾರ ಮೂರೂವರೆಗೆ ನಾಗಲಕ್ಷ್ಮಿ ಅಂಗಳಕ್ಕೆ ಬಂದಳು. ಕೈಯಲ್ಲಿ ಫೋನು, ಅದರಲ್ಲಿ ಒಂದು ಕಡ್ಡಿ ಸಿಗ್ನಲ್ಲೂ ಇಲ್ಲ. ಗಂಡ ಈರುಳ್ಳಿ ಲಾರಿಯ ಜೊತೆ ಕೇರಳಕ್ಕೆ ಹೋಗಿದ್ದ. ಸುಧಾಕರ್ ಬರಬೇಕೆಂದರೆ ಇನ್ನೊಂದು ತಾಸು.

"ಮಾವ, ಯಾರಾದ್ರೂ ಮೇಲೆ ಹತ್ತಿದ್ರಾ?"

"ಕೋತಿ ಕಣಮ್ಮಿ. ಹೋರಿ ಗಾತ್ರದ್ದು. ಕಂಬ ಹಿಡ್ಕಂಡು ಉಯ್ಯಾಲೆ ಆಡ್ತಿತ್ತು" ಎಂದವನೇ ಏಣಿ ಏರಿದ.

ನಿನ್ನೆಯ ಸ್ಪ್ಯಾನರ್ ಅಲ್ಲೇ ಮೋಟುಗೋಡೆಯ ಮೇಲಿತ್ತು. ನಟ್ಟು ಸಡಿಲಿಸಿದ, ಅವಸರಕ್ಕೆ ಅದು ಪೂರಾ ಕಳಚಿ, ತಾರಸಿಯಿಂದ ಉರುಳಿ, ಹೂವಿನ ಹೊಲದಲ್ಲಿ ಮಾಯವಾಯಿತು. ಬಾಚಣಿಗೆಯನ್ನು ಕೈಯಲ್ಲೇ ಹಿಡಿದು ಸಂದಿಯ ಕಡೆ ತಿರುಗಿಸಿದ. ಕೆಳಗಿನಿಂದ ಒಂದು ಕಡ್ಡಿ ಎಂದಳು, ಎರಡು ಎಂದಳು.

"ನಿಲ್ಸಿ ಮಾವ, ಅಲ್ಲೇ ನಿಲ್ಸಿ."

ನಿಲ್ಲಿಸಿದ. ಕೈ ಬಿಟ್ಟರೆ ತಿರುಗುತ್ತದೆ, ಹಾಗಾಗಿ ಬಿಡಲಿಲ್ಲ.

ಬೆಟ್ಟದಿಂದ ಮಂಜು ಇಳಿಯುತ್ತಿತ್ತು. ಹೊಲದ ಹಳದಿ ಅದರಲ್ಲಿ ಕರಗಿ, ನೆಲ ಯಾವುದು ಆಕಾಶ ಯಾವುದು ತಿಳಿಯದೆ, ಮನೆಯೇ ಮೆಲ್ಲಗೆ ತೇಲಿದಂತಾಯಿತು. ಕೆಳಗಿನ ಕಿಟಕಿಯಿಂದ ನಾಗಲಕ್ಷ್ಮಿಯ ದನಿ ಬರುತ್ತಿತ್ತು: ತ್ರಿಕೋನದ ಮೂರು ಕೋನ ಕೂಡಿದರೆ ನೂರ ಎಂಬತ್ತು. ಆ ದನಿ ಗೋಡೆ ಹತ್ತಿ, ಅಂಗೈಗಳ ಮೂಲಕ ಹಾದು, ಬಾಚಣಿಗೆಯ ಹಲ್ಲು ಹಲ್ಲಿನಿಂದ ಬಿಳಿ ಚಿಟ್ಟೆಗಳಾಗಿ ಬಿಡಿಸಿಕೊಂಡು, ಮಂಜಿನೊಳಗೆ ದಕ್ಷಿಣಕ್ಕೆ ಹಾರಿತು. ಯಮನ ದಿಕ್ಕಿನಿಂದ ಯಾವುದೋ ಮಗು ನಕ್ಕಿತು. ತೋಳು ಸೋತು ನಡುಗಿದಾಗ ಕೆಳಗೆ ದನಿ ಮುರಿಯಿತು. ಅವನು ಉಸಿರು ಬಿಗಿಹಿಡಿದ, ದನಿ ಮತ್ತೆ ಕೂಡಿಕೊಂಡಿತು. ನಲವತ್ತು ನಿಮಿಷವೋ ನಲವತ್ತು ವರ್ಷವೋ, ಅವನಿಗೆ ಲೆಕ್ಕ ತಪ್ಪಿತು.

ನಾಗಲಕ್ಷ್ಮಿ ಏಣಿ ಹತ್ತಿ ಬಂದಾಗ ಅವನ ಮೀಸೆಯಲ್ಲಿ ಮಂಜಿನ ಹನಿ ಕೂತಿತ್ತು.

"ಆಯ್ತು ಮಾವ. ಸೋಮವಾರದಿಂದ ಶುರು ಮಾಡಿ ಅಂದ್ರು. ಕೈ ಬಿಡಿ ಇನ್ನು."

ಬೆರಳುಗಳನ್ನು ಒಂದೊಂದಾಗಿ ಅವಳೇ ಬಿಡಿಸಬೇಕಾಯಿತು. ಶಾಂತಮಲ್ಲಪ್ಪನಿಗೆ ಜೀವ ಬಂತು. ಹೋರಿ ಗಾತ್ರದ ಕೋತಿ ಅಷ್ಟರಲ್ಲಿ ಒಂಟೆ ಗಾತ್ರಕ್ಕೆ ಬೆಳೆದಿತ್ತು. ಅದರ ಬಾಲ ಹಿಡಿದು ಮೂರು ಸುತ್ತು ತಿರುಗಿಸಿ ಬೆಟ್ಟದಾಚೆಗೆ ಎಸೆದ ಬಗೆಯನ್ನು ಹೇಳತೊಡಗಿದ. ಅವಳು ಕೇಳುತ್ತಲೇ ಮೋಟುಗೋಡೆಯ ಮೇಲಿನ ಸ್ಪ್ಯಾನರ್ ಎತ್ತಿಕೊಂಡಳು. ಮೂರು ಬಿಳಿ ಗೆರೆ ಅಳಿಸಿರಲಿಲ್ಲ.

"ಮಾವ, ಆ ಕೋತಿ ಸ್ಪ್ಯಾನರಿಗೆ ವಿಭೂತಿ ಹಚ್ಚಿ ಕೆಲಸ ಶುರು ಮಾಡ್ತಾ?"

ಶಾಂತಮಲ್ಲಪ್ಪ ಹೊಲ ನೋಡಿದ, ಬೆಟ್ಟ ನೋಡಿದ. ಎರಡೂ ಮಂಜಿನ ಹಿಂದೆ ಅವಿತಿದ್ದವು.

"ನಾನೇ ತಿರುಗಿಸ್ದೆ ಕಣವ್ವ. ನಿನ್ ಮೊದಲ್ನೇ ಕೆಲ್ಸ, ದಕ್ಷಿಣಕ್ಕೆ ಮುಖ ಮಾಡಿ ಶುರುವಾಗೋದು ಬ್ಯಾಡ ಅನ್ನುಸ್ತು."

ಅವಳು ಸ್ಪ್ಯಾನರನ್ನು ಸೆರಗಿನಿಂದ ಒರೆಸಲು ಹೋಗಿ, ಒರೆಸದೆ ಹಾಗೇ ಅವನ ಕೈಗಿಟ್ಟು, ನಟ್ಟು ಎಲ್ಲಿ ಬಿತ್ತೆಂದು ಹೊಲದ ಕಡೆ ಬಗ್ಗಿದಳು.

"ಕೋತಿ ಬಂದಿರ್ನಿಲ್ಲ" ಎಂದ ಅವಳ ಬೆನ್ನಿಗೆ. ಆಮೇಲೆ, ಯಾರೂ ಕೇಳದಿದ್ದರೂ, ಇನ್ನೂ ಮೆಲ್ಲಗೆ ಹೇಳಿದ: "ಆನೆಗೊಳೂ ಬಂದಿರ್ನಿಲ್ಲ."