ಭಾಯಿ ಅಂತ ಅಚ್ಚಾದವರು

ಪರದೆಯ ಮೇಲೆ ಬಿದ್ದ ಸಾಲು ಕಂಡು ಹಾಲಪ್ಪನಿಗೆ ಮೈಯೆಲ್ಲ ಉರಿಯಿತು. ಒಬ್ಬೊಬ್ಬ ಕೂಲಿಯವನ ಹೆಸರು, ಊರು, ಕೆಲಸ ಎಲ್ಲವನ್ನೂ ತಾನೇ ಕೂತು ತುಂಬಿದ್ದ. ಪಟ್ಟಿಯನ್ನು ಪ್ರಿಂಟ್ ಮಾಡು ಅಂದರೆ ಕಂಪ್ಯೂಟರು ‘ಭಾಯಿ@1b6d, ಭಾಯಿ@4e25’ ಎಂದು ಕಕ್ಕಿತ್ತು. ಒಬ್ಬನ ಹೆಸರೂ ಇಲ್ಲ.

ಶ್ರೀಕಾರ್ಯಂನ ಆ ಆಫೀಸು ಗಣೇಶಪ್ರಸಾದರದು. ಕಾಸರಗೋಡಿನವರು, ಚಾಲೈ ಪೇಟೆಯ ಮಂಡಿಗಳಿಗೆ, ಕೊಚ್ಚಿಯ ಕಟ್ಟಡಗಳಿಗೆ ಆಳು ಕಳಿಸುವುದು ಅವರ ಕಸುಬು. ದುಡಿಯಲು ಬಂದವನು ಒಡಿಶಾದವನಿರಲಿ, ಬಳ್ಳಾರಿಯವನಿರಲಿ, ಅಲ್ಲಿ ಎಲ್ಲರೂ ಭಾಯಿಯೇ. ಪ್ರೋಗ್ರಾಮಿನಲ್ಲಿ ಆಳಿನ ವಿವರ ಹಿಡಿದಿಡುವ ‘ಕ್ಲಾಸ್’ ಎಂಬ ಚೌಕಟ್ಟಿಗೂ ಅದೇ ಹೆಸರಿಡಿಸಿದ್ದರು. ಅರ್ಧಕ್ಕೆ ಶಾಲೆ ಬಿಟ್ಟ ಹಾಲಪ್ಪ ಇದನ್ನು ಓಡಿಸಿ ತೋರಿಸಿದರೆ ಮೂಟೆ ಹೊರುವುದು ತಪ್ಪಿ ಆಫೀಸಿನಲ್ಲಿ ಕುರ್ಚಿ.

“ಕೆಟ್ಟೈತ್ರಿ ಸಾರ್. ಹೆಸ್ರು ಬರವಲ್ವು.”

ಗಣೇಶಪ್ರಸಾದ್ ನೋಡಿ ನಕ್ಕರು. “ಎಂತ ಕೆಟ್ಟದ್ದು ಮಾರಾಯ? ಲಾಯ್ಕುಂಟು. ಕೊಚ್ಚಿಗೆ ಇದನ್ನೇ ಕಳಿಸು. ಹೆಸರು ಹಾಕಿದ್ರೆ ಒಬ್ಬ ಮಲಗಿದಾಗ ಇನ್ನೊಬ್ಬನನ್ನು ಕಳಿಸ್ಲಿಕ್ಕೆ ಆಗುದಿಲ್ಲ. ಭಾಯಿ ಅಂತ ಇದ್ರೆ ಯಾರು ಬೇಕಾದ್ರೂ ಹೋಗ್ಬಹುದು.”

ಹಿಂದೊಮ್ಮೆ ಹಾಗೆ ಹೋದವನೇ ಬಸಣ್ಣ, ಹಾಲಪ್ಪನ ಊರಿನವನು. ಗೋಡೆಗೆ ಕಟ್ಟಿದ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡಾಗ, ಅಂಥವನು ನಮ್ಮಲ್ಲಿ ಇರಲೇ ಇಲ್ಲ ಎಂದುಬಿಟ್ಟರು ಕಟ್ಟಡದವರು. ಅವನ ಗೇಟ್ ಪಾಸಿನಲ್ಲಿದ್ದದ್ದು ಭಾಯಿ ಅಂತ ಮಾತ್ರ.

ಆಫೀಸಿನ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದ ಮಂಗಳೂರಿನ ಸುಮಯ್ಯಾ ಐಟಿ ಪಾರ್ಕಿನ ಕೆಲಸದವಳು. ಹಾಲಪ್ಪನಿಗೆ ಪ್ರೋಗ್ರಾಮು ಕಲಿಸುತ್ತಿದ್ದವಳು ಅವಳೇ. ಕೆಲಸಕ್ಕೆ ಹೊರಟಿದ್ದವಳನ್ನು ಮೆಟ್ಟಿಲಲ್ಲೇ ತಡೆದ.

“ಅಕ್ಕಾ, ಎಲ್ಲಾ ತುಂಬೀನಿ. ಆದ್ರೂ ಎಲ್ರೂ ಭಾಯಿ ಆಗಿ ಕುಂತಾರ!”

“ಪಟ್ಟಿ ಪ್ರಿಂಟ್ ಮಾಡುವಾಗ ಅದು ಒಳಗಿನ ಒಬ್ಬೊಬ್ಬರನ್ನೂ ನೀನ್ಯಾರು ಅಂತ ಕೇಳ್ತದೆ. ನೀನು ಉತ್ತರ ಬರೆದಿಲ್ಲ. ಅದಕ್ಕೇ ಕ್ಲಾಸಿನ ಹೆಸರು, ಬಾಲಕ್ಕೊಂದು ಸಂಖ್ಯೆ. ಟುಸ್ಟ್ರಿಂಗ್ ಅಂತ ಒಂದು ಮೆಥಡ್ ಉಂಟು, ಆ ಉತ್ತರ ಕೊಡುವುದು ಅದೇ. ಕ್ಲಾಸಿನ ಒಳಗೆ ಅದನ್ನು ನೀನೇ ಬರಿ.”

“ಅದ್ರಾಗ ಏನ್ ಬೇಕಾದ್ರೂ ಹೇಳಿಸ್ಬಹುದಾ?”

“ನಿನ್ನ ಇಷ್ಟ. ಸೆಮಿಕೋಲನ್ ಮರೀಬೇಡ ಮತ್ತೆ!”

ಮರೆತೇ ಮರೆತ. ತಪ್ಪು ತೋರಿಸುವ ಕೆಂಪು ಸಾಲುಗಳು ಮೂತಿಗೆ ಬಡಿದವು. ತನ್ನನ್ನೇ ಬಯ್ದುಕೊಳ್ಳುತ್ತ ತಿದ್ದಿದ. ಕೊನೆಗೆ ಪರದೆ ಬಾಯಿಬಿಟ್ಟಿತು: ದುರುಗಪ್ಪ, ಸಂಡೂರು, ಗಾರೆ. ರಂಜನ್, ಕಟಕ್, ಕಂಬಿ.

ಹಿಂದೆ ಬಂದು ನಿಂತ ಗಣೇಶಪ್ರಸಾದರ ನಗು ಆರಿತು. “ಅದನ್ನು ಅಳಿಸು. ಕುರ್ಚಿ ಬೇಡ್ವಾ ನಿಂಗೆ?”

“ಕುರ್ಚಿ ನೀವಾ ಇಟ್ಕೋರಿ. ಹೆಸ್ರಿದ್ರ, ಇನ್ನೊಬ್ಬ ಬಿದ್ದಾಗ ಅವ ಯಾರು ಅಂತ ಕೇಳಂಗಿಲ್ಲ ಯಾವನೂ.”

“ಹಾಗಾದ್ರೆ ನಾಳೆಯಿಂದ ಮತ್ತೆ ಚಾಲೈಗೆ ಹೋಗಿ ಮೂಟೆ ಹೊರು, ಭಾಯಿ.”

“ಹಾಲಪ್ಪ,” ಎಂದ ಅವನು. “ಕೂಡ್ಲಿಗಿ ಹಾಲಪ್ಪ.” ಹೇಳಿದ್ದನ್ನೇ ಪಟ್ಟಿಯ ಕೊನೆಗೆ ಸೇರಿಸಿ ಮತ್ತೆ ಓಡಿಸಿದ. ಪ್ರಿಂಟರಿನಿಂದ ಹಾಳೆ ಎಳೆದುಕೊಂಡು ಕೆಳಗಿಳಿದ.

ಕೊಚ್ಚಿಗೆ ಹೊರಟ ವ್ಯಾನು ಗುರುಗುಡುತ್ತಿತ್ತು. ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದತೊಡಗಿದ. ದುರುಗಪ್ಪ ಕೈಯೆತ್ತಿದ. ರಂಜನ್ ಬಾಯೊಳಗಿನ ಎಲೆಯಡಿಕೆ ಉಗಿದು ಹೂಂ ಎಂದ.

“ಏಯ್ ಭಾಯಿ, ನಿಲ್ಲು!” ಕಿಟಕಿಯಿಂದ ಗಣೇಶಪ್ರಸಾದ್ ಕೂಗಿದರು. ವ್ಯಾನಿನಲ್ಲಿ ಒಬ್ಬನೂ ಅತ್ತ ತಿರುಗಲಿಲ್ಲ.

ಕೊಚ್ಚಿಯ ಕಟ್ಟಡದ ಗೇಟಿನಲ್ಲಿ ಈ ಹಾಳೆಯನ್ನು ಕೈಯಾರೆ ಕೊಡಬೇಕು. ಹಾಲಪ್ಪ ತನ್ನ ಹೆಸರನ್ನೂ ಓದಿ, ತಾನೇ ಹೂಂ ಎಂದು, ಹತ್ತಿ ಬಾಗಿಲು ದಬಾರನೆ ಎಳೆದುಕೊಂಡ.