ಅರ್ಧ ಗಂಟೆಯ ಹರಕೆ

ಸುಳ್ಳು ಹೇಳಬೇಕೆಂದು ಅನುಸೂಯ ಅಂದುಕೊಂಡಿರಲಿಲ್ಲ. ಬಾಯಿಗೆ ಬಂತು, ಹೇಳಿಬಿಟ್ಟಳು. ಆದರೆ ಹೇಳಿದ್ದು ದೇವರ ಹೆಸರಿನಲ್ಲಿ. ಆಮೇಲೆ ಅದು ನುಂಗಲೂ ಆಗದ, ಉಗುಳಲೂ ಆಗದ ತುತ್ತಿನಂತೆ ಗಂಟಲಲ್ಲೇ ಕೂತಿತು.

ಹಿರಿಯೂರಿನ ಆ ಬೀದಿಯಲ್ಲಿ ಅನುಸೂಯ ಎಂದರೆ ಬ್ಲೌಸ್ ಹೊಲಿಯುವ ಅನುಸೂಯ. ಗಂಡ ನಾಗಭೂಷಣ ಬಸ್ ಕಂಡಕ್ಟರ್. ಹೊಸದುರ್ಗ, ಹೊಳಲ್ಕೆರೆ ಕಡೆಯ ರೂಟು. ಕೋಳಿ ಕೂಗುವ ಮೊದಲೇ ಡಿಪೋಗೆ ಹೋದನೆಂದರೆ ಬರುವುದು ದೀಪ ಹಚ್ಚಿದ ಮೇಲೆ. ಹಗಲೆಲ್ಲ ಮನೆಯಲ್ಲಿ ಇಬ್ಬರೇ ಹೆಂಗಸರು, ಅನುಸೂಯ ಮತ್ತು ಅವಳ ಅತ್ತೆ ಬರಗೇರಮ್ಮ.

ಬರಗೇರಮ್ಮನದು ಒಂದು ಕಟ್ಟುಪಾಡು. ಸೊಸೆ ತಟ್ಟೆಯ ಮುಂದೆ ಕುಂತು ಮೊದಲ ತುತ್ತು ಬಾಯಿಗಿಡುವವರೆಗೆ ಅವಳು ತನ್ನ ತಟ್ಟೆ ಮುಟ್ಟುವುದಿಲ್ಲ. ಜವನಗೊಂಡನಹಳ್ಳಿಯ ತುಂಬಿದ ಮನೆಗೆ ಅವಳು ಸೊಸೆಯಾಗಿ ಬಂದ ಕಾಲದಲ್ಲಿ, ಎಲ್ಲರೂ ಉಂಡು ಎದ್ದ ಮೇಲೆ ಅಡಿಗೆಮನೆಯ ಕತ್ತಲೆಯಲ್ಲಿ ಒಬ್ಬಳೇ ಕುಂತು ಮಡಕೆಯ ತಳ ಕೆರೆದು ಉಂಡವಳು. ಕೆಲವು ದಿನ ಕೆರೆಯಲೂ ಏನೂ ಉಳಿದಿರುತ್ತಿರಲಿಲ್ಲ. "ನನ್ ಮನೇಲಿ ಸೊಸೆ ಒಬ್ಬಳೇ ಉಣ್ಣಂಗಿಲ್ಲ, ಎಲ್ಲಾರ್ ಕೊನೆಗೂ ಉಣ್ಣಂಗಿಲ್ಲ," ಎಂದು ಅನುಸೂಯ ಮದುವೆಯಾಗಿ ಬಂದ ದಿನವೇ ಹೇಳಿದ್ದಳು. ಆ ಮಾತು ಒಂದು ದಿನವೂ ತಪ್ಪಿರಲಿಲ್ಲ. ಬೆಳಗಿನ ಚಾ ಕೂಡ ಹಿತ್ತಲ ಕಟ್ಟೆಯ ಮೇಲೆ ಇಬ್ಬರೂ ಜೊತೆಗೆ ಕುಂತೇ ಕುಡಿಯುತ್ತಿದ್ದರು.

ಇಂಥ ಅತ್ತೆಯ ಕೈಯಡಿಗೆ ಉಂಡು ಅನುಸೂಯ ದಪ್ಪಗಾದಳು. ಮೊದಮೊದಲು ಅದು ಸುಖದ ಗುರುತಾಗಿತ್ತು. ಆಮೇಲೆ ಮಿಷನ್ ತುಳಿಯುವಾಗ ಮೊಣಕಾಲು ಹಿಡಿಯತೊಡಗಿತು. ಬ್ಲೌಸ್ ಹೊಲಿಸಲು ಬರುವ ಮುದ್ದಕ್ಕನಿಗಂತೂ ಬಾಯಿಗೆ ಬೀಗವೇ ಇಲ್ಲ. "ಅನುಸೂಯ, ನನ್ನೆರಡು ಬ್ಲೌಸಿನ ಬಟ್ಟೆ ಸೇರಿಸಿದ್ರೆ ನಿಂಗೊಂದು ತೋಳು ಆಗ್ತೈತೆ ನೋಡೇ!" ಎಂದು ನಗುತ್ತಿದ್ದಳು. ಅನುಸೂಯಳೂ ನಗುತ್ತಿದ್ದಳು. ಮುದ್ದಕ್ಕ ಹೋದ ಮೇಲೆ ಅಳತೆಯ ಟೇಪನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡು, ಎಷ್ಟೆಂದು ನೋಡುವ ಧೈರ್ಯ ಬಾರದೆ ಬಿಚ್ಚಿಡುತ್ತಿದ್ದಳು.

ಮೊಣಕಾಲಿಗೆಂದು ಚಿತ್ರದುರ್ಗಕ್ಕೆ ಹೋದಾಗ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಕಾಯಿಲೆ ಬಾಗಿಲಲ್ಲೇ ನಿಂತಿದೆ, ತೂಕ ಇಳಿಸಲೇಬೇಕು ಎಂದು ಗುಳಿಗೆ ಬರೆದುಕೊಟ್ಟರು.

"ಬೆಳಗ್ಗೆ ಎದ್ದ ತಕ್ಷಣ ಖಾಲಿ ಹೊಟ್ಟೆಯಲ್ಲಿ ತಗೊಳ್ಳಿ. ಎರಡು ಗುಟುಕು ನೀರು ಸಾಕು, ಇಡೀ ಗುಳಿಗೆ ನುಂಗ್ಬೇಕು, ಮುರೀಬಾರದು, ಅಗೀಬಾರದು. ಆಮೇಲೆ ಅರ್ಧ ಗಂಟೆ ಬಾಯಿಗೆ ಏನೂ ಹಾಕಬೇಡಿ. ಚಾ ಇಲ್ಲ, ನೀರಿಲ್ಲ, ಬೇರೆ ಮಾತ್ರೇನೂ ಇಲ್ಲ."

"ಅರ್ಧ ಗಂಟೆ ಆಗೋಕೆ ಒಂಚೂರು ಮೊದಲೇ ಚಾ ಕುಡಿದ್ರೆ ಏನಾಗ್ತೈತೆ ಡಾಕ್ಟ್ರೇ?"

"ಪೊಲೀಸರು ಹಿಡಿಯಲ್ಲ," ಡಾಕ್ಟರಮ್ಮ ನಕ್ಕರು. "ಗುಳಿಗೆ ಸರಿಯಾಗಿ ಮೈಗೆ ಹತ್ತಲ್ಲ, ಅಷ್ಟೆ. ಮೊದಲ ತಿಂಗಳು ಡೋಸ್ ಕಮ್ಮಿ ಇರುತ್ತೆ, ತೂಕ ಇಳೀಲಿಲ್ಲ ಅಂತ ಅಳಬೇಡಿ. ಹೊಟ್ಟೆ ತೊಳಸುತ್ತೆ, ವಾಂತಿ ಬಂದಂಗೆ ಆಗ್ಬಹುದು, ಮಲಬದ್ಧತೆ ಆಗ್ಬಹುದು. ಎಣ್ಣೆ ಜಿಡ್ಡು ಕಮ್ಮಿ ಮಾಡಿ. ಹಸಿವಿಲ್ಲ ಅಂತ ಊಟ ಬಿಡಬೇಡಿ, ಸ್ವಲ್ಪ ಸ್ವಲ್ಪ ತಿನ್ನಿ. ಹೊಟ್ಟೆನೋವು ಜೋರಾದ್ರೆ, ವಾಂತಿ ನಿಲ್ಲದೇ ಇದ್ರೆ ತಡ ಮಾಡದೆ ಬನ್ನಿ. ಮತ್ತೆ, ಮನೇಲಿ ಹೇಳಿಡಿ."

ಮನೆಯಲ್ಲಿ ಹೇಗೆ ಹೇಳಬೇಕೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಳು. ಬಾಗಿಲು ತೆಗೆದರೆ ಅತ್ತೆ ಬಿಸಿ ಮುದ್ದೆ, ಹಿತಕಿದ ಬೇಳೆ ಸಾರು ಮಾಡಿ, ಮೇಲೆ ತುಪ್ಪ ಹಾಕಿಕೊಂಡು ಕಾಯುತ್ತಿದ್ದಾಳೆ. "ಉಣ್ಣವ್ವ, ಬಸ್ಸಲ್ಲಿ ಸೋತು ಬಂದಿದ್ದೀಯ. ಮಂಡಿಗೆ ತುಪ್ಪ ಒಳ್ಳೇದು." ಆ ಕೈಗೆ ಏನೆಂದು ಹೇಳುವುದು? ನಾನು ದಪ್ಪಗಾಗಿದ್ದೀನಿ, ಗುಳಿಗೆ ನುಂಗಬೇಕು ಎಂದರೆ ನೀನು ಬಡಿಸಿದ್ದೇ ತಪ್ಪು ಎಂದಂತಾಗುವುದಿಲ್ಲವೇ? ನಾಳೆ ಹೇಳಿದರಾಯಿತು ಎಂದುಕೊಂಡು ಗುಳಿಗೆಯ ಪಟ್ಟಿಯನ್ನು ಗುಂಡಿಗಳ ಡಬ್ಬಿಯಲ್ಲಿ ಅಡಗಿಸಿಟ್ಟಳು.

ಮಾರನೆಯ ಬೆಳಿಗ್ಗೆ ಗುಳಿಗೆ ನುಂಗಿ ಕಟ್ಟೆಗೆ ಬಂದಳು. ಬರಗೇರಮ್ಮ ಎರಡು ಲೋಟ ಚಾ ಹಿಡಿದು ಬಂದಳು.

"ತಗಾ."

"ಈಗ ಬ್ಯಾಡ ಅತ್ತೆ."

"ಯಾಕವ್ವ, ಮೈ ಬಿಸಿ ಐತಾ?" ಅತ್ತೆಯ ಕೈ ಹಣೆಯ ಮೇಲೆ ಬಂತು.

ಆ ಕೈ ಹಣೆಯ ಮೇಲಿರುವಾಗಲೇ ಅನುಸೂಯಳ ಬಾಯಿಂದ ಮಾತು ಜಾರಿತು. "ಇಲ್ಲ ಅತ್ತೆ, ಹರಕೆ. ಕಣಿವೆ ಮಾರಮ್ಮಂಗೆ. ಎದ್ದ ಮೇಲೆ ಅರ್ಧ ಗಂಟೆ ಬಾಯಿಗೆ ಏನೂ ಹಾಕಲ್ಲ ಅಂತ."

"ಯಾತರ ಹರಕೆ?"

ತೆರೆದ ಬಾಗಿಲಿನಿಂದ ಒಳಗಿನ ಗೋಡೆ ಕಾಣುತ್ತಿತ್ತು. ಗೋಡೆಯ ಮೇಲೆ ನಾದಿನಿ ಸುಪ್ರಿಯಾಳ ಮದುವೆಯ ಫೋಟೊ. ಬರಗೇರಮ್ಮನ ಮಗಳು, ಧರ್ಮಪುರಕ್ಕೆ ಕೊಟ್ಟಿದ್ದರು. ಎರಡು ಸಲ ಬಸುರಾಗಿ ಎರಡು ಸಲವೂ ಗರ್ಭ ಇಳಿದುಹೋಗಿತ್ತು.

"ಸುಪ್ರಿಯಾಗೆ," ಎಂದಳು ಅನುಸೂಯ. "ಅವಳ ಮಡಿಲು ತುಂಬ್ಲಿ ಅಂತ."

ಬರಗೇರಮ್ಮ ಎರಡೂ ಲೋಟದ ಚಾವನ್ನು ಮತ್ತೆ ಪಾತ್ರೆಗೆ ಸುರಿದಳು. "ನನ್ ಮಗಳಿಗೆ ನೀನು ಹರಕೆ ಹೊತ್ತಿದ್ದೀಯ. ನಾನು ಎದುರಿಗೆ ಕುಂತು ಚಾ ಕುಡೀಲಾ?" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಂದಿನಿಂದ ಅವಳದೂ ಅರ್ಧ ಗಂಟೆ.

ಅರ್ಧ ಗಂಟೆ ತಾನೇ, ಯಾರಿಗೇನು ತೊಂದರೆ ಎಂದು ಅನುಸೂಯ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೆ ಡಾಕ್ಟರಮ್ಮ ಹೇಳಿದ್ದೆಲ್ಲ ಒಂದೊಂದಾಗಿ ಬಂತು. ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ನಾಲ್ಕು ತುತ್ತಿಗೇ ಮದುವೆ ಊಟ ಉಂಡಂತೆ ಬಿಗಿಯುತ್ತಿತ್ತು. ತಟ್ಟೆಯ ಮುಂದೆ ಕುಂತು ಒಂದು ಚೂರು ರೊಟ್ಟಿ ಬಾಯಿಗಿಟ್ಟು ಅತ್ತೆ ಉಣ್ಣಲು ಶುರುಮಾಡುವವರೆಗೆ ಅಗಿಯುತ್ತಿದ್ದಳು. ಉಳಿದದ್ದು ಹಿತ್ತಲಲ್ಲಿ ಪಕ್ಕದ ಮನೆಯ ಕೋಳಿಗಳ ಪಾಲಾಗುತ್ತಿತ್ತು. ಊಟ ಬಿಡಬೇಡಿ ಎಂಬ ಮಾತು ನೆನಪಿತ್ತು. ಆದರೆ ತೂಕ ಬೇಗ ಇಳಿಯಲಿ ಎಂಬ ಆಸೆ ಆ ಮಾತನ್ನು ಹಿಂದಕ್ಕೆ ತಳ್ಳುತ್ತಿತ್ತು.

ಅಷ್ಟರಲ್ಲಿ ಧರ್ಮಪುರದಿಂದ ಸುಪ್ರಿಯಾಳ ಫೋನು ಬಂತು. ಈ ಸಲ ಮುಟ್ಟು ನಿಂತಿದೆ, ಡಾಕ್ಟರು ಹೌದೆಂದಿದ್ದಾರೆ. ಬರಗೇರಮ್ಮ ಫೋನು ಕೆಳಗಿಟ್ಟವಳೇ ಸೊಸೆಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ನಿನ್ನ ಹರಕೆ ಫಲ ಕೊಡ್ತು ನನ್ ತಾಯಿ." ಅನುಸೂಯಳಿಗೆ ಆ ಕೈಗಳನ್ನು ಕಿತ್ತುಕೊಂಡು ಎಲ್ಲಾದರೂ ಓಡಿಹೋಗಬೇಕೆನಿಸಿತು. ಈಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ.

ಒಂದು ಶುಕ್ರವಾರ ಬೆಳಿಗ್ಗೆ ತಟ್ಟೆಯ ಮುಂದೆ ಕೂರುವುದೂ ಆಗಲಿಲ್ಲ. ಬಚ್ಚಲಲ್ಲಿ ಬಾಯಿ ತೊಳೆದುಕೊಂಡು ಬಂದು, ಮಿಷನ್ ಇದ್ದ ಕೋಣೆಯಿಂದಲೇ ಕೂಗಿ ಹೇಳಿದಳು.

"ಅತ್ತೆ, ಇವತ್ತು ಶುಕ್ರವಾರ. ಮಧ್ಯಾಹ್ನದ ತನಕ ಹರಕೆ. ನೀವು ತಿನ್ರಿ, ನಿಮ್ದು ಗುಳಿಗೆ ಐತೆ."

ಬರಗೇರಮ್ಮನಿಗೆ ಸಕ್ಕರೆ ಕಾಯಿಲೆ ಬಂದು ಎಷ್ಟೋ ಕಾಲವಾಗಿತ್ತು. ತಿಂಡಿಗೆ ಮುಂಚೆ ನುಂಗುವ ಗುಳಿಗೆ, ನುಂಗಿದ ಮೇಲೆ ತಿನ್ನಲೇಬೇಕು. ಇದು ಅನುಸೂಯಳಿಗೆ ಚೆನ್ನಾಗಿ ಗೊತ್ತಿತ್ತು.

"ಆತು, ತಿಂತೀನಿ," ಎಂದು ಒಳಗಿನಿಂದ ದನಿ ಬಂತು. ತಟ್ಟೆಯ ಸದ್ದೂ ಕೇಳಿಸಿತು. ಅನುಸೂಯ ಮಿಷನ್ ತುಳಿಯತೊಡಗಿದಳು. ಎದ್ದು ಹೋಗಿ ನೋಡಿದ್ದರೆ ಸಾಕಿತ್ತು. ನೋಡಿದರೆ ರೊಟ್ಟಿಯ ವಾಸನೆ ಬರುತ್ತದೆ, ಅತ್ತೆ ಮುಖ ನೋಡುತ್ತಾಳೆ. ಅದಕ್ಕೆ ಏಳಲಿಲ್ಲ.

ಬಿಸಿಲೇರಿದ ಮೇಲೆ ಮುದ್ದಕ್ಕ ಬಂದಳು. ಬಾಗಿಲಲ್ಲೇ ನಿಂತು ಕಣ್ಣು ಕಿರಿದು ಮಾಡಿದಳು. "ಏನೇ ಇದು, ಮುಖ ಇಳಿದಂಗೈತಲ್ಲ! ಕುತ್ತಿಗೆ ಅಂಬೋದೊಂದು ನಿಂಗೂ ಐತೆ ಅಂತ ಇವತ್ತೇ ಗೊತ್ತಾತು." ಅನುಸೂಯಳಿಗೆ ಒಳಗೊಳಗೇ ಹಿಗ್ಗಾಯಿತು. ಮುದ್ದಕ್ಕ ಹೋದದ್ದೇ ತಡ, ಕನ್ನಡಿಯ ಮುಂದೆ ನಿಂತು ಟೇಪನ್ನು ಸೊಂಟಕ್ಕೆ ಸುತ್ತಿದಳು. ಈ ಸಲ ಧೈರ್ಯ ಮಾಡಿ ನೋಡಿದಳು. ಕಡಿಮೆಯಾಗಿತ್ತು. ಅವಳು ಕನ್ನಡಿಯಲ್ಲಿ ತನಗೆ ತಾನೇ ನಗುತ್ತಿರುವಾಗ ಅಡಿಗೆಮನೆಯಲ್ಲಿ ಚೊಂಬು ಬಿದ್ದು ಉರುಳಿದ ಸದ್ದಾಯಿತು.

ಬರಗೇರಮ್ಮ ಗೋಡೆಗೆ ಒರಗಿ ಕುಸಿದಿದ್ದಳು. ಮೈಯೆಲ್ಲ ಬೆವರು, ಕೈ ಗಡಗಡ ನಡುಗುತ್ತಿತ್ತು. ಸೊಸೆಯನ್ನು ನೋಡಿ, "ಸುಪ್ರಿಯಾ, ಯಾವಾಗ ಬಂದ್ಯವ್ವ?" ಎಂದಳು. ಪಕ್ಕದಲ್ಲಿ ತಟ್ಟೆ, ಅದರ ಮೇಲೆ ಮುಚ್ಚಿದ ಇನ್ನೊಂದು ತಟ್ಟೆ. ಎತ್ತಿ ನೋಡಿದರೆ ಮುರಿಯದ ರೊಟ್ಟಿ. ಬೆಳಿಗ್ಗೆ ಕೇಳಿಸಿದ್ದು ತಟ್ಟೆ ಮುಚ್ಚಿದ ಸದ್ದು.

ಟೇಪು ಅನುಸೂಯಳ ಸೊಂಟದಲ್ಲೇ ಇತ್ತು. ಹಾಗೆಯೇ ಸಕ್ಕರೆ ನೀರು ಕದಡಿ ಅತ್ತೆಗೆ ಗುಟುಕು ಗುಟುಕಾಗಿ ಕುಡಿಸಿದಳು. ಅನುಸೂಯಳ ಕೂಗು ಕೇಳಿ ಪಕ್ಕದ ಮನೆಯ ಖಾತುನ್ ಬೀ ಓಡಿಬಂದಳು. ಅವಳ ಗಂಡ ಜಮಾಲ್ ಸಾಬ್ ಆಟೊ ತಂದು ಬಾಗಿಲಿಗೇ ನಿಲ್ಲಿಸಿದ.

ಕ್ಲಿನಿಕ್ಕಿನ ಡಾಕ್ಟರು ಪರೀಕ್ಷೆ ಮಾಡಿ, ಗ್ಲೂಕೋಸ್ ಏರಿಸಿ, ಅತ್ತೆಗೆ ಪೂರ್ತಿ ಎಚ್ಚರ ಬಂದ ಮೇಲೆ ಗದರಿದರು. "ಗುಳಿಗೆ ನುಂಗಿ ತಿಂಡಿ ಬಿಟ್ರೆ ಸಕ್ಕರೆ ಪೂರಾ ಇಳಿದುಹೋಗುತ್ತೆ ಅಂತ ಹೇಳಿರಲಿಲ್ವೇನಮ್ಮ? ಇನ್ನೂ ತಡವಾಗಿದ್ರೆ ಜೀವಕ್ಕೇ ಬರ್ತಿತ್ತು."

"ಹರಕೆ ಐತೆ ಸ್ವಾಮಿ."

"ಹರಕೆ ಬಿಡಿ."

"ಹೆಂಗ್ ಬಿಡಾಕಾಗ್ತೈತೆ?"

ಖಾತುನ್ ಬೀ ನಡುವೆ ಬಾಯಿ ಹಾಕಿದಳು. "ನಮ್ಮ ರೋಜಾ ಉಪವಾಸದಾಗೂ ಹುಷಾರಿಲ್ಲದೋರು ಬಿಡಬಹುದು ಬರಗೇರಮ್ಮ. ದೇವ್ರೇನು ಕೋಲು ಹಿಡ್ಕಂಡು ಕುಂತಿರ್ತಾನಾ?"

"ನಮ್ ಮಾರಮ್ಮನ್ನ ನೀನು ಕಂಡಿಲ್ಲ ಸುಮ್ನಿರೇ. ಅಲ್ಲಿ ಮಗಳು ಬಸುರಿ. ಈಗ ಹರಕೆ ಮುರಿದು ಅವಳಿಗೇನಾದ್ರೂ ಆದ್ರೆ? ಸೊಸೆ ನಡೆಸೋ ತನಕ ನಾನೂ ನಡೆಸ್ತೀನಿ."

ಎಲ್ಲರೂ ಅನುಸೂಯಳ ಕಡೆ ತಿರುಗಿದರು. ನಾನು ಹರಕೆ ಬಿಟ್ಟೆ ಅತ್ತೆ ಎಂದರೆ ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು. ಆದರೆ ಆಮೇಲೆ ಸುಪ್ರಿಯಾಳ ಹೊಟ್ಟೆ ಒಂದಿಷ್ಟು ನೊಂದರೂ ಈ ಮುದುಕಿ ಎದೆ ಒಡೆದುಕೊಳ್ಳುತ್ತಾಳೆ. ಬಿಡದಿದ್ದರೆ ಇವಳೇ ಉಳಿಯುವುದಿಲ್ಲ. ಅನುಸೂಯ, "ಮನೆಗೆ ಹೋಗಾಣ ಅತ್ತೆ, ಹೇಳ್ತೀನಿ," ಎಂದಳು.

ಮಧ್ಯಾಹ್ನ ಕಳೆದಿದ್ದರಿಂದ ಹಿತ್ತಲ ಕಟ್ಟೆಯ ಮೇಲೆ ತಾನೊಂದು ಗುಟುಕು ಕುಡಿದು ಅತ್ತೆಗೂ ಗಂಜಿ ಕುಡಿಸಿ, ಗುಂಡಿಗಳ ಡಬ್ಬಿ ತಂದು ಅವಳ ಮುಂದೆ ತೆರೆದಿಟ್ಟಳು. ಚಿತ್ರದುರ್ಗ, ಗುಳಿಗೆ, ಅರ್ಧ ಗಂಟೆ, ಕೋಳಿಗೆ ಹಾಕಿದ ರೊಟ್ಟಿ, ಒಂದನ್ನೂ ಬಿಡದೆ ಹೇಳಿದಳು. "ಹರಕೆ ಅನ್ನೋದು ಇರಲೇ ಇಲ್ಲ ಅತ್ತೆ. ಸುಳ್ಳು."

ಬರಗೇರಮ್ಮ ಬೈಯುತ್ತಾಳೆ ಎಂದುಕೊಂಡಿದ್ದಳು. ಬರಗೇರಮ್ಮ ಗೋಡೆಯ ಫೋಟೊ ಕಡೆ ನೋಡಿದಳು. "ಹಂಗಾದ್ರೆ ನನ್ ಮಗಳಿಗೆ ಅಂತ ಯಾರೂ ಹರಕೆ ಹೊತ್ತಿರಲಿಲ್ವಾ?"

ಅನುಸೂಯ ತಲೆ ತಗ್ಗಿಸಿದಳು. "ನೀವು ಹೊತ್ತಿದ್ರಿ ಅತ್ತೆ. ನಿಮ್ದು ನಿಜ."

ಕೋಳಿಗಳು ಅಭ್ಯಾಸಬಲದಿಂದ ಕಟ್ಟೆಯ ಹತ್ತಿರ ಬಂದು ಕತ್ತೆತ್ತಿ ನಿಂತವು. ಬರಗೇರಮ್ಮ ಅವುಗಳನ್ನು ನೋಡಿದಳು, ಸೊಸೆಯನ್ನು ನೋಡಿದಳು. "ನನ್ ರೊಟ್ಟಿ ಇವಕ್ಕೆ ಹಾಕ್ತಿದ್ಯಾ? ಒಂದ್ ಮಾತು, ಸಾಕು ಅತ್ತೆ ಅಂದಿದ್ರೆ ನಾನು ಬಡಿಸ್ತಿರಲಿಲ್ವಲ್ಲೇ. ಅಷ್ಟೂ ದೂರದೋಳಾದ್ನಾ ನಾನು ನಿಂಗೆ?"

ಅನುಸೂಯ ಎದ್ದು ಕೋಳಿಗಳನ್ನು ಅಟ್ಟಿದಳು.

ಸಂಜೆ ಬರಗೇರಮ್ಮನೇ ಅರಿಶಿನದ ನೀರು ಮಾಡಿ ಬಟ್ಟೆಯ ಚೂರು ಕೇಳಿದಳು. ಮಾರಮ್ಮನಿಗೆ ತಪ್ಪುಕಾಣಿಕೆ. ನಾಣ್ಯ ಇಟ್ಟು ಬಟ್ಟೆಯನ್ನು ಸೊಸೆಯ ಕಡೆ ತಳ್ಳಿದಳು. "ಗಂಟು ನೀನೇ ಹಾಕು. ಸುಳ್ಳು ನಿಂದು. ಮಂಗಳವಾರ ಕಣಿವೆಗೆ ಹೋಗಾಣ. ನನ್ನ ಹರಕೆ ನಾನು ಬೇರೆ ತರ ಮಾಡ್ತೀನಿ ಅಂತ ಅಲ್ಲೇ ಕೇಳ್ಕಂತೀನಿ." ದಿನವೂ ಸೂಜಿ ಹಿಡಿಯುವ ಕೈಗೆ ಆ ಒಂದು ಗಂಟು ಹಾಕಲು ಎರಡು ಮೂರು ಸಲ ಬೇಕಾಯಿತು.

ಮಾರನೆಯ ಬೆಳಿಗ್ಗೆ ಅನುಸೂಯಳ ಗುಳಿಗೆಯ ಪಟ್ಟಿ ಅತ್ತೆಯ ಗುಳಿಗೆಗಳ ಪಕ್ಕದಲ್ಲಿ, ಎಲ್ಲರಿಗೂ ಕಾಣುವ ಗೂಡಿನಲ್ಲಿತ್ತು. ಅತ್ತೆಯ ಎದುರಿಗೇ ನುಂಗಿದಳು. ಆಮೇಲೆ ಒಂದೇ ಲೋಟ ಚಾ, ಒಂದೇ ತಟ್ಟೆಯಲ್ಲಿ ರೊಟ್ಟಿ ಚಟ್ನಿ ತಂದು ಕಟ್ಟೆಯ ಮೇಲಿಟ್ಟಳು.

"ನೀವು ತಿನ್ರಿ ಅತ್ತೆ. ನಂಗೆ ಕಾಯಬ್ಯಾಡ್ರಿ."

ಬರಗೇರಮ್ಮ ತಟ್ಟೆಯನ್ನು ನೋಡುತ್ತ ಕುಂತಳು. ಕೊನೆಗೆ ಮೊದಲ ಚೂರು ಮುರಿದಳು. ಸೊಸೆ ಈ ಮನೆಗೆ ಬಂದ ಮೇಲೆ ಸೊಸೆಗಿಂತ ಮುಂಚೆ ಅತ್ತೆ ತಿಂದದ್ದು ಅದೇ ಮೊದಲು. ಕದ್ದು ತಿನ್ನುವವಳ ಹಾಗೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ನಿಧಾನವಾಗಿ ಅಗಿಯುತ್ತಿದ್ದಳು. ಅನುಸೂಯ ಕಣ್ಣು ತಗ್ಗಿಸಲಿಲ್ಲ. ನೋಡಬೇಕೆಂದೇ ನೋಡಿದಳು. ಆ ಕತ್ತಲೆಯ ಅಡಿಗೆಮನೆಯಿಂದ ಈಕೆ ಕಾಪಾಡಿಕೊಂಡು ತಂದದ್ದು ಆ ಒಂದು ಮಾತನ್ನು. ಅದನ್ನು ಮುರಿದದ್ದು ತನ್ನ ಕೈ.

ರೊಟ್ಟಿ ಮುಗಿಯುತ್ತ ಬಂತು. ಎರಡು ಬೆರಳಗಲದ ಒಂದು ಚೂರು ಉಳಿದಾಗ ಬರಗೇರಮ್ಮನ ಕೈ ನಿಂತಿತು. ಚೂರನ್ನು ತಟ್ಟೆಯ ಅಂಚಿಗೆ ಸರಿಸಿ, ನೊಣ ಕೂರದಂತೆ ಅಂಗೈ ಮುಚ್ಚಿದಳು.

"ಆತೇನೇ ನಿನ್ನ ಅರ್ಧ ಗಂಟೆ?" ಗೋಡೆಯ ಕಡೆಯೇ ನೋಡುತ್ತ ಕೇಳಿದಳು.

"ಇನ್ನೂ ಒಂಚೂರು ಐತೆ ಅತ್ತೆ."

"ಇರ್ಲಿ," ಎಂದಳು ಬರಗೇರಮ್ಮ. ಅಂಗೈ ತೆಗೆಯಲಿಲ್ಲ.