ದೋಣಿ ಮುಟ್ಟಿದರೆ ಸುತ್ತು ಹೋಯಿತು

ಇವತ್ತು ಅಳಿಯನ ಮೇಲೆ ರೇಗಬಾರದು ಅಂತ ಮನೆಯಲ್ಲೇ ತೀರ್ಮಾನಿಸಿದ್ದೆ. ಕೆರೆಗೆ ಇಳಿದ ಹತ್ತೇ ನಿಮಿಷಕ್ಕೆ ಅದು ನೀರುಪಾಲಾಯಿತು.

ನಮ್ಮ ಕೆರೆಯಲ್ಲಿ ಮನಸ್ಸು ಬಂದಾಗ ಈಜುವ ಹಾಗಿಲ್ಲ. ವಾರಕ್ಕೊಂದು ಬೆಳಿಗ್ಗೆ, ಕಾವಲು ದೋಣಿ ಇದ್ದಾಗ ಮಾತ್ರ. ನೀರಿನಲ್ಲಿ ಕಿತ್ತಳೆ ಬಣ್ಣದ ನಾಲ್ಕು ದೊಡ್ಡ ಚೆಂಡುಗಳು ತೇಲುತ್ತಿರುತ್ತವೆ. ನಾಲ್ಕನ್ನೂ ಸುತ್ತಿಕೊಂಡು ಬಂದು ದಡ ಸೇರಿದರೆ ಒಂದು ಸುತ್ತು. ನಡುವೆ ದೋಣಿ ಮುಟ್ಟಿದರೆ ಸುತ್ತು ಹೋಯಿತು, ಆ ದಿನ ಮತ್ತೆ ನೀರಿಗಿಳಿಯುವಂತಿಲ್ಲ. ಆ ದೋಣಿಯಲ್ಲಿ ಸೀಟಿ ಕಚ್ಚಿಕೊಂಡು ಕೂರುವವನು ನನ್ನ ಮಗಳ ಗಂಡ. ನನ್ನ ಗ್ರಹಚಾರ ಅನ್ನದೆ ಏನನ್ನಲಿ?

ನಾನು ಪರದೆ ಹೊಲಿಯುವವಳು. ಮೂವತ್ತು ವರ್ಷ ಯಂತ್ರ ತುಳಿದು ಮಂಡಿಗಳು ನನ್ನ ಮಾತು ಕೇಳುವುದನ್ನೇ ಬಿಟ್ಟಿವೆ. ಮೆಟ್ಟಿಲಿಗೆ ಗೋಡೆ ಹಿಡಿಯಬೇಕು, ಮಂಚದಿಂದ ಏಳಲು ಕುರ್ಚಿ ಹಿಡಿಯಬೇಕು. ನೀರಿನಲ್ಲಿ ಮಾತ್ರ ಏನನ್ನೂ ಹಿಡಿಯಬೇಕಿಲ್ಲ. ಇದನ್ನು ಮಗಳಿಗೆ ಹೇಳಿ ಹೇಳಿ ಸಾಕಾಗಿದೆ.

"ಈ ಸೀಸನ್ನಲ್ಲಿ ಒಂದೇ ಒಂದ್ಸಲ ಪೂರ್ತಿ ಸುತ್ತು ಮುಗಿಸಮ್ಮ. ಆಗ್ಲಿಲ್ಲ ಅಂದ್ರೆ ಮುಂದಿನ ವರ್ಷ ಕೆರೆ ಮಾತು ಎತ್ತಬಾರ್ದು" ಎಂದಿದ್ದಳು. ನಾನೂ ಜಂಬದಿಂದ ಹೂಂ ಅಂದಿದ್ದೆ. ಇವತ್ತು ಸೀಸನ್ನಿನ ಕೊನೆಯ ದಿನ. ಈ ಮಹಾನುಭಾವ ಈಗಾಗಲೇ ಮೂರು ಸಲ ನನ್ನನ್ನು ದೋಣಿಗೆ ಎತ್ತಿ ಹಾಕಿಕೊಂಡಿದ್ದಾನೆ. ಒಮ್ಮೆ ತುಟಿ ನೀಲಿಯಾಗಿದೆ ಅಂತ, ಒಮ್ಮೆ ಗಾಳಿ ಜೋರಾಗಿದೆ ಅಂತ. ಇನ್ನೊಮ್ಮೆ ನಾನು ಈಜುವ ಕನ್ನಡಕ ಸರಿಮಾಡಿಕೊಳ್ಳಲು ಕೈ ಎತ್ತಿದೆನಂತೆ, ಕೈ ಎತ್ತಿದರೆ ಕಾಪಾಡಿ ಎಂದು ಅರ್ಥವಂತೆ.

ಇವತ್ತೂ ಮೊದಲ ಚೆಂಡಿನಿಂದಲೇ ಬೆನ್ನು ಬಿದ್ದ.

"ಅತ್ತೆ, ಸುಸ್ತಾಯ್ತಾ?"

"ಇಲ್ಲ ಅಳಿಯಂದ್ರೇ."

"ಚಳಿ ಆಗ್ತಿದ್ಯಾ?"

"ನಿಮ್ಮ ಪ್ರಶ್ನೆ ಕೇಳಿ ಕೇಳಿ ಬೆಚ್ಚಗಾಗಿದೀನಿ."

ನಾಲ್ಕನೇ ಚೆಂಡಿನ ಹತ್ತಿರ ದೋಣಿ ಪಕ್ಕಕ್ಕೇ ಬಂತು. ದಡದ ಬೆಂಚಿನ ಮೇಲೆ ನನ್ನ ಟವೆಲ್ ಕಾಣುತ್ತಿತ್ತು. ಅಳಿಯ ಏನೋ ಕೇಳಿದ. ಕಿವಿಯಲ್ಲಿ ನೀರು. ಮತ್ತದೇ ಸುಸ್ತು, ಚಳಿ ಇರಬೇಕೆಂದು, ಮಾತು ಮುಗಿಸಿ ಹೊರಡುವವರು ಹೇಳುವಂತೆ "ಬರ್ತೀನಿ" ಅಂದೆ. ಮರುಕ್ಷಣ ನನ್ನ ಎರಡೂ ತೋಳು ಅವನ ಕೈಯಲ್ಲಿದ್ದವು. ಅವನು ಕೇಳಿದ್ದು "ದೋಣಿಗೆ ಬರ್ತೀರಾ" ಅಂತ.

ದಡ ಮುಟ್ಟುವವರೆಗೂ ಅವನ ಚಳಿ ಬಿಡಿಸಿದೆ. "ಮನೆಯಿಂದ ಹೊರಡೋವಾಗ ನೀವು ಏನಂತೀರಿ? ಬರ್ತೀನಿ ಅಂತ ತಾನೆ? ಆಗ ನಿಮ್ಮನ್ನ ಯಾರಾದ್ರೂ ಒಳಗೆ ಎಳ್ಕೊಳ್ತಾರಾ?" ಅವನು ಹುಟ್ಟು ಹಾಕುತ್ತಲೇ ಇದ್ದ. ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು. ಮಗಳಿಗೆ ಏನೇನು ದೂರು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ.

ದಡದಲ್ಲಿರುವ ಕಾವಲಿನವರ ತಗಡಿನ ಕೋಣೆಯಲ್ಲಿ ಅವನು ಬಿಸಿನೀರಿನ ಲೋಟ ನನ್ನ ಕೈಗಿಟ್ಟ.

"ನೀವು ಹೊರಡೋಕೆ ಹಾಗಂದ್ರಿ ಅಂತ ಗೊತ್ತಾಯ್ತು ಅತ್ತೆ."

"ಗೊತ್ತಾಗಿಯೂ ಎಳ್ಕೊಂಡ್ರಾ?"

"ಅದಕ್ಕೆ ಮುಂಚೆ ನೀವು ಆ ನಾಲ್ಕನೇ ಚೆಂಡು ತಬ್ಕೊಂಡು ಸುಮ್ನೆ ನಿಂತುಬಿಟ್ಟಿದ್ರಿ. ಕಣ್ಣು ಬಿಟ್ಕೊಂಡೇ ಇದ್ರಿ. ಮೂರು ಸಲ ಸೀಟಿ ಊದಿದೆ. ಅತ್ತೆ ಅತ್ತೆ ಅಂತ ಕೂಗಿದೆ." ಅವನು ತಲೆ ತಗ್ಗಿಸಿದ. "ಕೊನೆಗೆ ಹೆಸರು ಹಿಡಿದೇ ಕೂಗಿಬಿಟ್ಟೆ, ಬೇಜಾರು ಮಾಡ್ಕೋಬೇಡಿ. ನೀರಿನ ಮೇಲೆ ಹೇಳಿದ್ರೆ ಗಾಬರಿ ಆಗ್ತೀರಿ ಅಂತ ಸುಮ್ನಿದ್ದೆ."

ಅಳಿಯ ಅತ್ತೆಯ ಹೆಸರು ಹಿಡಿದು ಕೂಗಿದರೆ ಎಂಥ ಕಿವುಡಿಯೂ ತಿರುಗಿ ನೋಡಬೇಕು. ನನಗೆ ಕೇಳಿಸಿರಲಿಲ್ಲ. ಮೂರನೇ ಚೆಂಡು ನೆನಪಿತ್ತು, ಪಕ್ಕಕ್ಕೆ ಬಂದ ದೋಣಿ ನೆನಪಿತ್ತು. ನಡುವಿನದಕ್ಕಾಗಿ ಎಷ್ಟು ತಡಕಾಡಿದರೂ ಏನೂ ಸಿಗಲಿಲ್ಲ. ಲೋಟ ಕೆಳಗಿಟ್ಟೆ.

ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಮಗಳು. ಅವನು ಪೆಚ್ಚುಮುಖದಲ್ಲಿ ಅದನ್ನು ನನ್ನತ್ತ ಚಾಚಿದ.

"ಮುಗಿಸಿದ್ಯಾಮ್ಮ?"

"ಇಲ್ಲ ಕಣೆ. ಆಗ್ಲಿಲ್ಲ."

"ಮತ್ತೆ ಇವ್ರೇ ಎಳ್ಕೊಂಡ್ರಾ? ಕೊಡು ಅವ್ರಿಗೆ ಫೋನು."

ಅಳಿಯ ಕೈ ಮುಂದೆ ಮಾಡಿದ. ನಾನು ಕೊಡಲಿಲ್ಲ.

"ಅವರು ಏನೂ ಮಾಡಿಲ್ಲ" ಅಂದೆ. "ನಾನೇ ದೋಣಿ ಹತ್ತಿದೆ."